ಬನ್ಸಿ ರವೆಯಲ್ಲಿ ಬನ್ಸಿ ಎಷ್ಟು?

ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರು ಸುತ್ತಮುತ್ತ ಅಡಿಕೆ ವ್ಯವಹಾರದಲ್ಲಿ ಕಣ್ಣು ಹೇಳಿದ್ದೇ ತೀರ್ಮಾನ. ಮೂಟೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿದರೆ ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಗೊತ್ತಾಗಿಬಿಡುತ್ತದೆ. ಗದ್ದೆ ಮಾಡುವವರಿಗೆ ಭತ್ತವೂ ಹಾಗೆಯೇ. ಜೀರಿಗೆ ಸಣ್ಣವನ್ನೂ ಹೆಗ್ಗೆಯನ್ನೂ ಒಂದೇ ಮೊರದಲ್ಲಿ ಬೆರೆಸಿಟ್ಟರೂ ಬೇರೆ ಮಾಡಿ ತೋರಿಸುವ ಹಿರಿಯರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ. ಇಂಥವರೇ ಕಿರಾಣಿ ಅಂಗಡಿಯಲ್ಲಿ ‘ಒಂದು ಕೇಜಿ ಬನ್ಸಿ ರವೆ ಕೊಡಿ’ ಎಂದಾಗ ಮಾತ್ರ ಕೊಟ್ಟದ್ದನ್ನು ಸುಮ್ಮನೆ ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ಪರೀಕ್ಷೆ ಮಾಡೋಣವೆಂದರೂ ಹೇಗೆ? ಕಾಳು ಒಡೆದು ರವೆಯಾದ ಮೇಲೆ ಅದರ ಕುಲಗೋತ್ರ ಅಳಿಸಿಹೋಗಿರುತ್ತದೆ.

ಮಲೆನಾಡಿಗೆ ಗೋಧಿ ಬೆಳೆಯಾಗಿ ಬಂದದ್ದೇ ಇಲ್ಲ, ಊಟವಾಗಿ ಬಂತು. ಗೋಧಿಗೆ ಬೇಕಾದದ್ದು ಒಣ ಚಳಿ, ಹದವಾದ ತೇವ. ಇಲ್ಲಿರುವುದು ತಿಂಗಳುಗಟ್ಟಲೆ ಸುರಿಯುವ ಮಳೆ. ಕಡುಬು, ಅಕ್ಕಿ ರೊಟ್ಟಿ, ಗಂಜಿಯ ಸೀಮೆಯಲ್ಲಿ ಗೋಧಿಗೆ ಮೊದಲು ದೊರೆತದ್ದು ಹಬ್ಬದ ಜಾಗ, ಹೋಳಿಗೆಯ ಕಣಕದ ಜಾಗ. ಆಮೇಲೆ 1960ರ ದಶಕದ ಅಮೆರಿಕದ ನೆರವಿನ ಗೋಧಿ, ಶಾಲೆಯ ಉಪ್ಪಿಟ್ಟು. ಈಗ ಸಕ್ಕರೆ ಕಾಯಿಲೆಯವರ ರಾತ್ರಿಯ ಚಪಾತಿ. ಹೊಲದಲ್ಲಿ ನೋಡದ ಬೆಳೆಯಾದ್ದರಿಂದ ಅದರ ತಳಿಗಳ ಪರಿಚಯ ನಮಗೆ ಅಂಗಡಿಯ ಹೆಸರುಗಳ ಮೂಲಕವೇ ಆಗಬೇಕು. ಆ ಹೆಸರುಗಳೋ, ನಂಬಿ ಕೆಟ್ಟೆವು ಎನ್ನುವಂಥವು.

‘ಲೋಕ್‌ವನ್’ ತೆಗೆದುಕೊಳ್ಳಿ. ಅದು ಗುಜರಾತಿನ ಸಣೋಸರಾದ ಲೋಕಭಾರತಿ ಸಂಸ್ಥೆಯಲ್ಲಿ ಹುಟ್ಟಿದ ಲೋಕ್-1 ಎಂಬ ನಿರ್ದಿಷ್ಟ ತಳಿ. ಇಲ್ಲಿಯವರೆಗೆ ಸರಿ. ‘ಶರಬತಿ’ಯ ಕಥೆ ಬೇರೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಮೆಕ್ಸಿಕೋದ ಸೊನೋರಾ-64ರ ಬೀಜಕ್ಕೆ ವಿಕಿರಣ ಹಾಯಿಸಿ, ಕೆಂಪು ಕಾಳನ್ನು ಬಿಳಿಚು ಮಾಡಿ, 1967ರಲ್ಲಿ ‘ಶರಬತಿ ಸೊನೋರಾ’ ಎಂದು ಹೊರತಂದರು. ಇಂದು ಮಧ್ಯಪ್ರದೇಶದ ಸೀಹೋರ್ ಕಡೆಯಿಂದ ಶರಬತಿ ಎಂದು ಬಂದು ಹೆಚ್ಚಿನ ಬೆಲೆಗೆ ಮಾರಾಟವಾಗುವುದು ಬಹುಪಾಲು ಸಿ-306 ಎಂಬ ಎತ್ತರದ ಹಳೆಯ ತಳಿ. ಹೆಸರು ಒಂದು, ಗೋಧಿ ಎರಡು. ಅಂಗಡಿಯವರನ್ನು ಬೈದು ಫಲವಿಲ್ಲ. ಮೂಟೆಯ ಮೇಲೆ ಬರೆದದ್ದನ್ನೇ ಅವರು ಓದುತ್ತಾರೆ.

ಬನ್ಸಿ ಮತ್ತು ಜವೆ ಗೋಧಿ ಮಾತ್ರ ನಮ್ಮ ರಾಜ್ಯದ್ದೇ ವಿಷಯ. ಬನ್ಸಿ ಎನ್ನುವುದು ಡ್ಯುರಮ್ ಗೋಧಿಯ ಹಳೆಯ ನಾಟಿ ಬಗೆ. ಗಡುಸು ಕಾಳು, ಒಡೆದರೆ ಗಾಜಿನಂತೆ ಹೊಳೆಯುವ ಒಳಗು, ತಿಳಿ ಹಳದಿ ರವೆ. ವಿಜಯಪುರ ಸೀಮೆಯ ಎರೆ ಹೊಲದಲ್ಲಿ ಹಿಂಗಾರಿಗೆ ಬರೀ ನೆಲದ ತೇವ ನಂಬಿ ಬೆಳೆಯುತ್ತಿದ್ದ ಬಿಜಗಾ ತಳಿಗಳು ಇದೇ ಡ್ಯುರಮ್ ಕುಲದವು. ಜವೆ ಗೋಧಿ, ಅಂದರೆ ಬೆಳಗಾವಿ ಕಡೆ ಸದಕ ಎಂದೂ ಮರಾಠಿಯವರು ಖಪ್ಲಿ ಎಂದೂ ಕರೆಯುವುದು ಇನ್ನೂ ಪುರಾತನ. ಅದರ ಕಾಳು ಭತ್ತದ ಹಾಗೆ ಹೊಟ್ಟಿನೊಳಗೇ ಕೂತಿರುತ್ತದೆ. ಒಕ್ಕಿದರೆ ಬಿಡುವುದಿಲ್ಲ, ಕುಟ್ಟಬೇಕು. ಉತ್ತರ ಕರ್ನಾಟಕದ ಹುಗ್ಗಿಯ ಗೋಧಿ ಇದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಮೇಲೆ ದಶಕಗಳಿಂದ ಕೆಲಸ ಮಾಡಿ ಡಿಡಿಕೆ-1025, ಡಿಡಿಕೆ-1029 ಮುಂತಾದ ಗಿಡ್ಡ ತಳಿಗಳನ್ನು ಕೊಟ್ಟಿದೆ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ಮಾತು ಹಬ್ಬಿದ ಮೇಲೆ ಜವೆ ಗೋಧಿಯ ಹಿಟ್ಟಿಗೆ ಮಾಮೂಲಿ ಗೋಧಿ ಹಿಟ್ಟಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆ. ಬೆಲೆಯಲ್ಲಿ ಇಷ್ಟು ಅಂತರವಿರುವ ಎರಡು ಹಿಟ್ಟುಗಳು ನೋಡಲು ಹೆಚ್ಚುಕಡಿಮೆ ಒಂದೇ ತರಹ ಇದ್ದರೆ ಮುಂದೇನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಕಾಳು ಇಡಿಯಾಗಿರುವಾಗ ಕಣ್ಣಿಗೆ ಒಂದಿಷ್ಟು ಕೆಲಸವುಂಟು. ಬಣ್ಣ, ಉದ್ದ, ಬೆನ್ನಿನ ಗೂನು, ಹೊಟ್ಟೆಯ ಗೀರಿನ ಆಳ, ತುದಿಯ ರೋಮ. ಕೆನಡಾ ದೇಶವಂತೂ ಇದನ್ನೇ ಕಾನೂನು ಮಾಡಿಕೊಂಡಿತ್ತು. ಒಂದು ವರ್ಗದ ಗೋಧಿಯ ಕಾಳು ಇನ್ನೊಂದು ವರ್ಗದ ಕಾಳಿಗಿಂತ ಕಣ್ಣಿಗೇ ಬೇರೆಯಾಗಿ ಕಾಣದಿದ್ದರೆ ಆ ತಳಿ ಎಷ್ಟೇ ಚೆನ್ನಾಗಿರಲಿ, ನೋಂದಣಿ ಇಲ್ಲ. ಗುಣವುಳ್ಳ ಎಷ್ಟೋ ತಳಿಗಳು ಬರೀ ಮುಖಚಹರೆಯ ಕಾರಣಕ್ಕೆ ಹೊರಗುಳಿದವು. 2008ರ ಆಗಸ್ಟ್‌ನಲ್ಲಿ ಆ ನಿಯಮವನ್ನು ಕೈಬಿಟ್ಟರು. ಕಣ್ಣಿಗೆ ಸ್ವಲ್ಪ ರಸಾಯನದ ನೆರವು ಕೊಡುವ ಹಳೆಯ ಪರೀಕ್ಷೆಗಳೂ ಇವೆ. ನೆನೆದ ಕಾಳನ್ನು ಫೀನಾಲ್ ತೊಯ್ದ ಕಾಗದದ ಮೇಲಿಟ್ಟರೆ ಕೆಲವು ತಳಿ ಕಡುಕಂದು ತಿರುಗುತ್ತವೆ, ಕೆಲವು ತಿಳಿಕಂದು, ಕೆಲವು ಹಾಗೇ ಇರುತ್ತವೆ. ಕಾಸ್ಟಿಕ್ ಸೋಡಾ ದ್ರಾವಣ ಕೆಂಪು ಗೋಧಿಯನ್ನೂ ಬಿಳಿ ಗೋಧಿಯನ್ನೂ ಬೇರೆ ಮಾಡಿ ತೋರಿಸುತ್ತದೆ. ಅಗ್ಗದ ವಿಧಾನಗಳು, ಬೀಜ ಪರೀಕ್ಷಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಆದರೆ ಇವು ನೂರಾರು ತಳಿಗಳನ್ನು ನಾಲ್ಕೈದು ಗುಂಪು ಮಾಡಿ ಕೈತೊಳೆದುಕೊಳ್ಳುತ್ತವೆ. ಹಿಟ್ಟಿನ ಮುಂದೆ ಇವಕ್ಕೂ ಮಾತಿಲ್ಲ.

ಹಿಟ್ಟಾದ ಮೇಲೂ ಉಳಿಯುವ ಗುರುತು ಪ್ರೋಟೀನು.

ಹೋಳಿಗೆಗೆ ಕಣಕ ಕಲಸಿದವರಿಗೆ ಇದು ಕೈಯಲ್ಲೇ ಗೊತ್ತು. ಚಿರೋಟಿ ರವೆಯನ್ನು ನೀರು, ಎಣ್ಣೆ ಹಾಕಿ ನಾದಿ, ಮುಚ್ಚಿ ಎರಡು ಗಂಟೆ ಬಿಟ್ಟರೆ ಹೇಳಿದ ಹಾಗೆ ಕೇಳುತ್ತದೆ. ಎಳೆದರೆ ಎಳೆದಷ್ಟು ಬರುತ್ತದೆ, ಹೂರಣವನ್ನು ಒಳಗಿಟ್ಟು ಸುತ್ತಲೂ ತೆಳ್ಳಗೆ ಹಬ್ಬಿಕೊಳ್ಳುತ್ತದೆ. ಅದೇ ಕಣಕದ ಉಂಡೆಯನ್ನು ನೀರಿನಲ್ಲಿ ಹಿಸುಕುತ್ತಾ ಹೋದರೆ ನೀರು ಬೆಳ್ಳಗಾಗಿ ಪಿಷ್ಟವೆಲ್ಲ ಹೊರಟುಹೋಗಿ, ಕೊನೆಗೆ ಬೂದುಬಣ್ಣದ ಒಂದು ಅಂಟು ಮುದ್ದೆ ಉಳಿಯುತ್ತದೆ. ಅಕ್ಕಿ ಹಿಟ್ಟಿನಲ್ಲಿ ಇದು ಸಿಗುವುದಿಲ್ಲ. ಇಟಲಿಯ ಬೊಲೊನ್ಯದ ಬೆಕ್ಕಾರಿ ಎಂಬ ವೈದ್ಯ 1728ರಲ್ಲಿ ಮಾಡಿ ತೋರಿಸಿದ್ದು ಇಷ್ಟನ್ನೇ: ಗೋಧಿಯೊಳಗೆ ಪ್ರಾಣಿಜನ್ಯ ವಸ್ತುವಿನಂತೆ ವರ್ತಿಸುವ ಒಂದು ಪದಾರ್ಥವಿದೆ ಎಂದು. ಅದೇ ಗ್ಲುಟೆನ್. ಸುಮಾರು 180 ವರ್ಷಗಳ ನಂತರ, ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದ ಥಾಮಸ್ ಆಸ್‌ಬೋರ್ನ್ ಗೋಧಿಯ ಪ್ರೋಟೀನುಗಳನ್ನು ಯಾವುದು ಯಾವುದರಲ್ಲಿ ಕರಗುತ್ತದೆ ಎಂಬುದರ ಮೇಲೆ ನಾಲ್ಕು ಪಾಲು ಮಾಡಿದರು. ನೀರಿನಲ್ಲಿ ಕರಗುವುದು, ಉಪ್ಪುನೀರಿನಲ್ಲಿ ಕರಗುವುದು, ಶೇ 70ರಷ್ಟು ಆಲ್ಕೋಹಾಲಿನಲ್ಲಿ ಕರಗುವುದು, ಈ ಮೂರಕ್ಕೂ ಬಗ್ಗದೆ ಆಮ್ಲಕ್ಕೋ ಕ್ಷಾರಕ್ಕೋ ಮಾತ್ರ ಬಗ್ಗುವುದು. 1907ರಲ್ಲಿ ಪ್ರಕಟವಾದ ಆ ವಿಂಗಡಣೆಯನ್ನು ಇಂದಿಗೂ ಯಾರೂ ಬಿಟ್ಟಿಲ್ಲ.

ತಳಿ ಗುರುತಿಸುವವರಿಗೆ ಬೇಕಾದವು ಕೊನೆಯ ಎರಡು. ಆಲ್ಕೋಹಾಲಿನಲ್ಲಿ ಕರಗುವುದು ಗ್ಲಯಾಡಿನ್. ಕಣಕ ಹರಿಯುವಂತೆ, ಹಿಗ್ಗುವಂತೆ ಮಾಡುವುದು ಅದು. ಕೊನೆಯದು ಗ್ಲುಟೆನಿನ್, ಎಳೆದು ಬಿಟ್ಟರೆ ಹಿಂದಕ್ಕೆ ಸೆಟೆಯುವ ಬಿಗಿ ಅದರದ್ದು. ಗೋಧಿಯ ಒಟ್ಟು ಪ್ರೋಟೀನಿನಲ್ಲಿ ಸುಮಾರು ಶೇ 80 ಇವೆರಡೇ. ಇವು ಕಾಳಿನ ದಾಸ್ತಾನು, ಮೊಳಕೆಗೆ ಬುತ್ತಿ. ಇವುಗಳ ಜೋಡಣೆಯಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಹೆಚ್ಚುಕಡಿಮೆಯಾದರೂ ಗಿಡಕ್ಕೆ ತೊಂದರೆಯಿಲ್ಲವಾದ್ದರಿಂದ ತಳಿಯಿಂದ ತಳಿಗೆ ವ್ಯತ್ಯಾಸ ಧಾರಾಳವಾಗಿ ಉಳಿದುಕೊಂಡು ಬಂದಿದೆ. ಇನ್ನೊಂದು ಅನುಕೂಲವೂ ಇದೆ. ಯಾವ ಗ್ಲಯಾಡಿನ್ ಇರಬೇಕು, ಯಾವುದು ಇರಬಾರದು ಎಂಬುದು ವಂಶದಲ್ಲೇ ತೀರ್ಮಾನವಾಗಿರುತ್ತದೆ. ಎರೆ ಮಣ್ಣೋ ಕೆಂಪು ಮಣ್ಣೋ, ಸಗಣಿ ಗೊಬ್ಬರವೋ ಯೂರಿಯಾವೋ, ಆ ಪಟ್ಟಿ ಬದಲಾಗದು. ಮಣ್ಣಿನಲ್ಲಿ ಗಂಧಕ ಕಡಿಮೆಯಾದರೆ ಒಂದು ಜಾತಿಯ ಗ್ಲಯಾಡಿನ್ನಿನ ಪ್ರಮಾಣ ಏರುತ್ತದೆ ಅಷ್ಟೆ. ಎತ್ತರ, ತೆನೆ, ಕಾಳಿನ ದಪ್ಪ ಎಲ್ಲವೂ ಹೊಲದ ಮರ್ಜಿಗೆ ಕುಣಿಯುವಾಗ ಇದೊಂದು ಅಲ್ಲಾಡದೆ ನಿಲ್ಲುತ್ತದೆ.

ಈಗ ಪ್ರಯೋಗಾಲಯದ ಒಳಗೆ ಹೋಗೋಣ. ಒಂದೇ ಒಂದು ಕಾಳು ಸಾಕು. ನಿಜವಾಗಿ ಅರ್ಧ ಕಾಳು ಸಾಕು. ಮೊಳಕೆಯಿರುವ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ಪಕ್ಕಕ್ಕಿಟ್ಟು, ರೋಮವಿರುವ ತುದಿಯನ್ನು ಮಾತ್ರ ಜಜ್ಜಿ ಪುಡಿ ಮಾಡುತ್ತಾರೆ. ತಳಿ ಅಭಿವೃದ್ಧಿ ಮಾಡುವವರಿಗೆ ಇದು ದೊಡ್ಡ ವರ. ಈ ಅರ್ಧದ ಪರೀಕ್ಷೆಯಲ್ಲಿ ಬೇಕಾದ ಗುಣ ಕಂಡರೆ ಪಕ್ಕಕ್ಕಿಟ್ಟ ಅರ್ಧವನ್ನು ಬಿತ್ತಬಹುದು, ಗಿಡವೇ ಬರುತ್ತದೆ. ಪುಡಿಯನ್ನು ಕಿರುಬೆರಳಿನಷ್ಟು ಪ್ಲಾಸ್ಟಿಕ್ ಕೊಳವೆಗೆ ಹಾಕಿ, ಆಲ್ಕೋಹಾಲಿನ ಜಾತಿಯ ದ್ರಾವಕ ಹನಿಸಿ, ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಅಪಕೇಂದ್ರಕದಲ್ಲಿ ಗಿರ್ರನೆ ತಿರುಗಿಸಿದರೆ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯಲ್ಲಿ ಗ್ಲಯಾಡಿನ್.

ಅಷ್ಟರಲ್ಲಿ ಎರಡು ಗಾಜಿನ ಹಲಗೆಗಳ ನಡುವೆ ಜೆಲ್ ಎರಕ ಹೊಯ್ಯಬೇಕು. ಅಕ್ರಿಲಮೈಡ್ ಎಂಬ ವಸ್ತುವಿನ ದ್ರಾವಣ ಅದು. ಹೆಪ್ಪುಗಟ್ಟುವ ಮುಂಚೆ ನರಕ್ಕೆ ವಿಷ, ಕೈಗವಸಿಲ್ಲದೆ ಮುಟ್ಟುವಂತಿಲ್ಲ. ಆಮ್ಲದ ವಿಧಾನದಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ಹನಿ ಬಿದ್ದದ್ದೇ ತಡ, ದ್ರಾವಣ ಗಟ್ಟಿಯಾಗಲು ಶುರು. ಹಾಗಾಗಿ ಎಲ್ಲವನ್ನೂ ಫ್ರಿಜ್ಜಿನಲ್ಲಿ ತಂಪು ಮಾಡಿಟ್ಟುಕೊಂಡು, ಬೆರೆಸಿ, ತಡಮಾಡದೆ ಹೊಯ್ದು, ಮೇಲಿಂದ ಹಲ್ಲಿರುವ ಬಾಚಣಿಗೆ ಸಿಕ್ಕಿಸಬೇಕು. ಬಾಚಣಿಗೆ ತೆಗೆದಾಗ ಸಾಲಾಗಿ ಪುಟ್ಟ ಗುಳಿಗಳು ಉಳಿಯುತ್ತವೆ. ಒಂದೊಂದು ಗುಳಿಗೆ ಒಂದೊಂದು ಕಾಳಿನ ತಿಳಿ. ಮೇಲೆ ಧನ ಧ್ರುವ, ಕೆಳಗೆ ಋಣ ಧ್ರುವ ಕೊಟ್ಟು ವಿದ್ಯುತ್ ಹರಿಸಿದರೆ, ಅಷ್ಟು ಹುಳಿಯಾದ ಮಾಧ್ಯಮದಲ್ಲಿ (ಪಿಎಚ್ ಸುಮಾರು 3.2) ಗ್ಲಯಾಡಿನ್‌ಗಳೆಲ್ಲ ಧನ ಆವೇಶ ಹೊತ್ತು ಕೆಳಕ್ಕೆ ಹೊರಡುತ್ತವೆ. ಆವೇಶ ಹೆಚ್ಚಿದ್ದು, ಮೈ ಚಿಕ್ಕದಿದ್ದದ್ದು ಮುಂದೆ. ದಪ್ಪಗಿನದು ಜೆಲ್ಲಿನ ಒತ್ತು ಬಲೆಯಲ್ಲಿ ತಡವರಿಸುತ್ತಾ ಹಿಂದೆ. ಮಳೆಗಾಲದ ಮಲೆನಾಡಿನಲ್ಲಿ ಈ ಕೆಲಸಕ್ಕೆ ಕೂತವರು ಯುಪಿಎಸ್ ಇಟ್ಟುಕೊಂಡೇ ಕೂರಬೇಕು. ನಡುವೆ ಕರೆಂಟು ಹೋದರೆ ಗೆರೆಗಳು ಹಬ್ಬಿ ಮಸುಕಾಗುತ್ತವೆ.

ಕೊನೆಗೆ ಜೆಲ್ಲನ್ನು ಗಾಜಿನಿಂದ ಬಿಡಿಸಿ ಕೂಮಾಸಿ ನೀಲಿಯಲ್ಲಿ ಅದ್ದುತ್ತಾರೆ. ಉಣ್ಣೆ ಬಟ್ಟೆಗೆಂದು ತಯಾರಾದ ಬಣ್ಣ ಅದು. ಉಣ್ಣೆಯೂ ಪ್ರೋಟೀನೇ ಆದ್ದರಿಂದ ಇಲ್ಲಿಯೂ ಹಿಡಿಯುತ್ತದೆ. ಹೆಚ್ಚಿನ ಬಣ್ಣ ತೊಳೆದಾಗ ಪ್ರತಿ ಕಾಳಿನ ಕೆಳಗೂ ಇಪ್ಪತ್ತಕ್ಕೂ ಮೇಲ್ಪಟ್ಟು ನೀಲಿ ಗೆರೆಗಳು: ಕೆಲವು ದಪ್ಪ, ಕೆಲವು ಕೂದಲೆಳೆ, ಕೆಲವು ಜೋಡಿಜೋಡಿ. ಅಂಗಡಿಯಲ್ಲಿ ಸೋಪಿನ ಪೊಟ್ಟಣದ ಹಿಂದೆ ಇರುತ್ತದಲ್ಲ ಕಪ್ಪು ಬಿಳುಪಿನ ಪಟ್ಟಿ, ಅದೇ ರೀತಿ. ಈ ಪಟ್ಟಿಯೇ ತಳಿಯ ಗುರುತು. ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘ 1980ರ ದಶಕದಲ್ಲಿ ಈ ಆಮ್ಲ ವಿಧಾನವನ್ನು ಗೋಧಿ ಮತ್ತು ಬಾರ್ಲಿಗೆ ಪ್ರಮಾಣೀಕರಿಸಿತು.

ಇಷ್ಟು ಓದಿದ ಮೇಲೆ ಜೆಲ್ಲು ತಾನಾಗಿ ‘ಇದು ಲೋಕ್-1’ ಎಂದು ಹೇಳುತ್ತದೆ ಎನಿಸಬಹುದು. ಇಲ್ಲ. ಅದು ಹೇಳುವುದು ಹೋಲಿಕೆಯನ್ನು ಮಾತ್ರ. ಪಕ್ಕದ ಗುಳಿಯಲ್ಲಿ ಅಸಲಿ ಲೋಕ್-1 ಓಡಿರಬೇಕು. ಗೆರೆಗೆ ಗೆರೆ ಕೂಡಿದರೆ ಹೌದು, ಕೂಡದಿದ್ದರೆ ಅಲ್ಲ. ಅಸಲಿ ಕಾಳು ಯಾರ ಹತ್ತಿರವೂ ಇಲ್ಲವೆಂದಾದರೆ ಎಂಥ ಪ್ರಯೋಗಾಲಯವೂ ಮೂಕ. ಈ ವಿದ್ಯೆಯ ಬಗ್ಗೆ ಬರೆಯುವವರು ಯಂತ್ರದ ಮಹಿಮೆಯನ್ನು ಹೊಗಳಿ, ಬೀಜ ಕಾಪಾಡಿದವರ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸರಿಕಾಣುವುದಿಲ್ಲ. ಯಂತ್ರವನ್ನು ಕೊಳ್ಳಬಹುದು. ಬೆರಕೆಯಾಗದಂತೆ ವರ್ಷವರ್ಷವೂ ಬಿತ್ತಿ, ಕಳೆದು, ಹೆಸರು ಬರೆದಿಟ್ಟ ಬೀಜವನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ಗೆರೆಗಳ ಸ್ಥಾನ ಅಳೆಯುವುದಕ್ಕೂ ಒಂದು ಕಾಳೇ ಅಳತೆಗೋಲು. 1970ರ ದಶಕದ ಕೊನೆಯಲ್ಲಿ ಕೆನಡಾದ ಬುಶುಕ್ ಮತ್ತು ಜಿಲ್‌ಮನ್ ತಮ್ಮ ದೇಶದ ತಳಿಗಳ ಗೆರೆಪಟ್ಟಿ ಮಾಡುವಾಗ ‘ಮಾರ್ಕ್ವಿಸ್’ ಎಂಬ ಗೋಧಿಯ ಒಂದು ಸ್ಪಷ್ಟ ಗೆರೆಗೆ 50 ಎಂದು ಅಂಕೆ ಕೊಟ್ಟು, ಉಳಿದ ಗೆರೆಗಳನ್ನೆಲ್ಲ ಅದರಿಂದ ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ಲೆಕ್ಕ ಹಾಕಿದರು. ಈ ಮಾರ್ಕ್ವಿಸ್‌ನ ಹೆತ್ತವರಲ್ಲಿ ಒಂದು ಕೆನಡಾದ ರೆಡ್ ಫೈಫ್. ಇನ್ನೊಂದು ನಮ್ಮ ದೇಶದಿಂದ ಹೋದ ‘ಹಾರ್ಡ್ ರೆಡ್ ಕಲ್ಕತ್ತಾ’. ಬೇಗ ಮಾಗುವ ಗುಣಕ್ಕಾಗಿ ಅದನ್ನು ಕೂಡಿಸಿದ್ದು. ಕೆನಡಾದ ಹಿಮ ಬೀಳುವ ಮೊದಲು ಕೊಯ್ಲು ಮುಗಿಯಬೇಕಿತ್ತು. ಹಡಗು ಹತ್ತಿದ ಊರಿನ ಹೆಸರೇ ಆ ಗೋಧಿಗೆ ಅಂಟಿಕೊಂಡಿತು. ಯಾವ ಹೊಲದ್ದು, ಯಾರು ಬೆಳೆದದ್ದು ಎಂಬುದು ಯಾವ ದಾಖಲೆಗೂ ಸೇರಲಿಲ್ಲ.

ಇನ್ನು ಗ್ಲುಟೆನಿನ್. ಇದರ ವಿಧಾನ ಬೇರೆ, ವಾಸನೆಯೂ ಬೇರೆ. ಗ್ಲುಟೆನಿನ್‌ನ ಕೊಂಡಿಗಳು ಗಂಧಕದ ಬೆಸುಗೆಯಿಂದ ಒಂದಕ್ಕೊಂದು ಹೆಣೆದುಕೊಂಡು ಅತಿ ದೊಡ್ಡ ಸರಪಳಿಯಾಗಿರುತ್ತವೆ. ಅದನ್ನು ಬಿಡಿಸಲು ಮರ್ಕಾಪ್ಟೊಇಥನಾಲ್ ಹಾಕಬೇಕು. ಕೊಳೆತ ಮೊಟ್ಟೆಯ ಅಣ್ಣನಂಥ ನಾತ. ಜೊತೆಗೆ ಎಸ್‌ಡಿಎಸ್ ಎಂಬ ಮಾರ್ಜಕ. ಅದು ಪ್ರೋಟೀನುಗಳಿಗೆಲ್ಲ ಒಂದೇ ಬಗೆಯ ಋಣ ಆವೇಶ ಬಳಿದುಬಿಡುವುದರಿಂದ ಈಗ ಓಟ ತೀರ್ಮಾನವಾಗುವುದು ಗಾತ್ರದ ಮೇಲೆ ಮಾತ್ರ. 1970ರಲ್ಲಿ ಲೆಮ್ಲಿ ಎಂಬ ವಿಜ್ಞಾನಿ ಈ ಪದ್ಧತಿಯನ್ನು ಹದಗೊಳಿಸಿದರು. ಕೇಂಬ್ರಿಜ್‌ನ ಸಸ್ಯ ತಳಿ ಸಂಸ್ಥೆಯ ಪೀಟರ್ ಪೇಯ್ನ್ ಅದನ್ನು ಗೋಧಿಗೆ ಹಚ್ಚಿ, ಜೆಲ್ಲಿನ ಮೇಲ್ಭಾಗದಲ್ಲಿ ನಿಲ್ಲುವ ದೊಡ್ಡ ಗ್ಲುಟೆನಿನ್ ಘಟಕಗಳಿಗೆ ಒಂದು, ಎರಡು, ಐದು, ಹತ್ತು ಎಂದು ಅಂಕೆಗಳನ್ನು ಕೊಟ್ಟರು. ಬ್ರೆಡ್ ಗೋಧಿಯ ಒಂದು ಕಾಳಿನಲ್ಲಿ ಇಂಥವು ಮೂರರಿಂದ ಐದು ಮಾತ್ರ. 5 ಮತ್ತು 10 ಜೋಡಿಯಾಗಿದ್ದರೆ ಹಿಟ್ಟು ಬಿಗಿ, ಬ್ರೆಡ್ಡು ಚೆನ್ನಾಗಿ ಉಬ್ಬುತ್ತದೆ. ಅದರ ಬದಲು 2 ಮತ್ತು 12 ಇದ್ದರೆ ಹಿಟ್ಟು ಮೆತ್ತಗೆ. ಯುರೋಪಿನವರಿಗೆ ಇದು ಭಾಗ್ಯದ ಬಾಗಿಲು ತೆರೆದ ಹಾಗಾಯಿತು. ಚಪಾತಿ ತಿನ್ನುವ ನಾವು ಅವರ ಅಂಕಪಟ್ಟಿಯನ್ನು ಹಾಗೆಯೇ ಎತ್ತಿಕೊಳ್ಳಬೇಕಿಲ್ಲ. ನಮಗೆ ಲಟ್ಟಿಸಿದರೆ ಸೆಟೆಯುವ ಹಿಟ್ಟಿಗಿಂತ ಹೇಳಿದ ಹಾಗೆ ಅಗಲವಾಗುವ ಹಿಟ್ಟು ಮೇಲು.

ಆದರೆ ಬನ್ಸಿ, ಜವೆ ಗೋಧಿಯ ತಕರಾರು ಬಗೆಹರಿಸುವುದು ಈ 2, 5, 10, 12ರ ಗುಂಪೇ. ಕಾರಣ ಹತ್ತಿರಹತ್ತಿರ ಹತ್ತು ಸಾವಿರ ವರ್ಷ ಹಿಂದಿನದು. ಜವೆ ಗೋಧಿಯಲ್ಲೂ ಡ್ಯುರಮ್‌ನಲ್ಲೂ 28 ಕ್ರೋಮೊಸೋಮುಗಳು. ಎ ಮತ್ತು ಬಿ ಎಂಬ ಎರಡು ಹುಲ್ಲುಗಳ ಆಸ್ತಿ ಸೇರಿದ್ದು. ಕ್ಯಾಸ್ಪಿಯನ್ ಸಮುದ್ರದ ಆಸುಪಾಸಿನಲ್ಲಿ ಇಂಥ ಗೋಧಿಯ ಹೊಲಕ್ಕೆ ಮತ್ತೊಂದು ಕಾಡುಹುಲ್ಲಿನ ಪರಾಗ ಬಿದ್ದು, ಡಿ ಎಂಬ ಮೂರನೆಯ ಆಸ್ತಿಯೂ ಕೂಡಿ, 42 ಕ್ರೋಮೊಸೋಮಿನ ಬ್ರೆಡ್ ಗೋಧಿ ಹುಟ್ಟಿತು. ನಮ್ಮ ಲೋಕ್-1, ಶರಬತಿ, ಪಂಜಾಬಿನ ಗೋಧಿ ಎಲ್ಲವೂ ಆ ಮನೆತನದವೇ. 2, 12, 5, 10 ಘಟಕಗಳನ್ನು ಮಾಡಿಸುವ ಜೀನುಗಳು ಕೂತಿರುವುದು ಈ ಡಿ ಆಸ್ತಿಯಲ್ಲಿ. ಅಂದ ಮೇಲೆ ಅಸಲಿ ಬನ್ಸಿಯಲ್ಲಿ, ಅಸಲಿ ಜವೆಯಲ್ಲಿ ಆ ಗೆರೆಗಳು ಇರಲೇಬಾರದು. ರವೆಯ ಜೆಲ್ಲಿನಲ್ಲಿ ಅವು ತಲೆಹಾಕಿದರೆ ಬ್ರೆಡ್ ಗೋಧಿ ಬೆರೆತಿದೆಯೆಂದೇ ಲೆಕ್ಕ. ಜವೆ ಹಿಟ್ಟಿನ ಕಣಕ ಎಳೆದರೆ ಹರಿಯುತ್ತದೆ ಎಂದು ಹೋಳಿಗೆ ಮಾಡಹೋದವರು ಗೊಣಗುತ್ತಾರಲ್ಲ, ಅದಕ್ಕೂ ಈ ಗೈರುಹಾಜರಿ ಒಂದು ಕಾರಣ.

ಇಟಲಿಯವರು ಈ ವಿಷಯದಲ್ಲಿ ಕಟ್ಟುನಿಟ್ಟು. ಒಣ ಪಾಸ್ತಾವನ್ನು ಡ್ಯುರಮ್ ರವೆಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನು ಮಾಡಿದರು. ಸಾಗಣೆ, ಗಿರಣಿಯಲ್ಲಿ ಅರಿವಿಲ್ಲದೆ ಸೇರಿಕೊಳ್ಳಬಹುದೆಂದು ಮೆದು ಗೋಧಿಗೆ, ಅಂದರೆ ಬ್ರೆಡ್ ಗೋಧಿಗೆ, ಶೇ 3ರವರೆಗೆ ವಿನಾಯಿತಿ. ಬಿಸಿಗಾಳಿಯಲ್ಲಿ ಒಣಗಿಸಿದ ಪಾಸ್ತಾದಲ್ಲಿ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಗೆರೆಗಳು ಕೆಡುವುದರಿಂದ ಅಲ್ಲೀಗ ಡಿಎನ್‌ಎ ಪರೀಕ್ಷೆಯ ಕಡೆ ಒಲವು. ರವೆಗೆ ಆ ಕಷ್ಟವಿಲ್ಲ. ನಮ್ಮಲ್ಲಿ ಬನ್ಸಿ ಎಂಬ ಹೆಸರು ಮಾತ್ರ ಪೊಟ್ಟಣದ ಮೇಲೆ ಸ್ವತಂತ್ರವಾಗಿ ಅಡ್ಡಾಡಿಕೊಂಡಿದೆ. ಜವೆಗೂ ಡ್ಯುರಮ್‌ಗೂ ನಡುವಿನ ಬೆರಕೆ ಹಿಡಿಯುವುದು ಇದಕ್ಕಿಂತ ಕಷ್ಟ ಎನ್ನುವುದನ್ನೂ ಹೇಳಬೇಕು. ಎರಡೂ ಒಂದೇ ಎ-ಬಿ ಮನೆಯವು, ಗ್ಲಯಾಡಿನ್ ಗೆರೆಗಳನ್ನು ಒಂದೊಂದಾಗಿ ಅಸಲಿ ತಳಿಯ ಜೊತೆ ತಾಳೆ ನೋಡಬೇಕಾಗುತ್ತದೆ.

ಎಷ್ಟು ಕಾಳು ನೋಡಿದರೆ ಸಾಕು? ಒಂದು ಮೂಟೆಯಲ್ಲಿ ಇಪ್ಪತ್ತಕ್ಕೆ ಒಂದು ಕಾಳು ಬೇರೆ ತಳಿಯದು ಎಂದಿಟ್ಟುಕೊಳ್ಳಿ. ಕೈಗೆ ಸಿಕ್ಕ 20 ಕಾಳು ಪರೀಕ್ಷಿಸಿದರೆ ಬೆರಕೆ ಕಣ್ಣಿಗೇ ಬೀಳದೆ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ 36. 50 ಕಾಳಿಗೆ ಅದು ಶೇ 8ಕ್ಕೆ ಇಳಿಯುತ್ತದೆ, 100 ಕಾಳಿಗೆ ಶೇ 1ಕ್ಕಿಂತ ಕಡಿಮೆ. ಒಂದು ಹಿಡಿ ನೋಡಿ ಮೂಟೆಯ ಹಣೆಬರಹ ಹೇಳುವ ಅಡಿಕೆ ಕಣ್ಣಿಗೆ ಈ ಲೆಕ್ಕ ಮೊದಲೇ ಗೊತ್ತು. ಅನುಭವಸ್ಥರು ಮೂಟೆಯ ಬಾಯಿ, ನಡು, ತಳ ಮೂರೂ ಕಡೆಯಿಂದ ಮಾದರಿ ತೆಗೆಯುವುದು ಅದಕ್ಕೇ.

ಜೆಲ್ಲಿನ ಮುಂದಿನ ಪೀಳಿಗೆಗಳನ್ನು ಬೇಗ ಹೇಳಿ ಮುಗಿಸಬಹುದು. 1983ರಲ್ಲಿ ಅಮೆರಿಕದ ಪಿಯೋರಿಯಾ ಪ್ರಯೋಗಾಲಯದ ಜೆರಾಲ್ಡ್ ಬೀಟ್ಸ್ ಗೋಧಿ ಪ್ರೋಟೀನನ್ನು ಎಚ್‌ಪಿಎಲ್‌ಸಿ ಯಂತ್ರದ ಸ್ತಂಭದಲ್ಲಿ ಹಾಯಿಸಿ, ಗೆರೆಗಳ ಬದಲು ಏರಿಳಿವ ಶಿಖರಗಳ ಚಿತ್ರ ಪಡೆದರು. ಕೂದಲಿನಷ್ಟು ಸಣ್ಣ ಕೊಳವೆಯಲ್ಲಿ ಓಡಿಸುವುದು ಬಂತು, ಬೆರಳಗಲದ ಚಿಪ್ಪಿನಲ್ಲಿ ನಿಮಿಷಗಳಲ್ಲಿ ಮುಗಿಸುವುದು ಬಂತು. ಕೊನೆಗೆ ಡಿಎನ್‌ಎ ಬಂದು ಎಲ್ಲರ ಗಮನವನ್ನೂ ಎಳೆದುಕೊಂಡಿತು. ಪ್ರೋಟೀನಿನ ಗೆರೆಗಳಲ್ಲಿ ಒಂದೇ ಥರ ಕಾಣುವ ಅಕ್ಕತಂಗಿ ತಳಿಗಳನ್ನೂ ಡಿಎನ್‌ಎ ಬಿಡಿಸಿ ಹೇಳುತ್ತದೆ. ಬಾಸ್ಮತಿ ರಫ್ತಿನ ಬೆರಕೆ ಹಿಡಿಯುವುದು ಅದರಿಂದಲೇ. ಆದರೂ ಹಳೆಯ ಜೆಲ್ಲಿಗೆ ಒಂದು ಹೆಚ್ಚುಗಾರಿಕೆ ಇದೆ. ಅದು ತಳಿಯ ಗುರುತನ್ನೂ ಹಿಟ್ಟಿನ ಗುಣವನ್ನೂ ಒಟ್ಟಿಗೇ ತೋರಿಸುತ್ತದೆ, ಏಕೆಂದರೆ ಆ ಗೆರೆಗಳೇ ಕಣಕದ ಹಿಗ್ಗು ಮತ್ತು ಬಿಗಿ.

ಹಾಗಾದರೆ ಕೋಣಂದೂರಿನ ಗದ್ದೆಯ ಭತ್ತಕ್ಕೆ ಇದೇ ಜೆಲ್ ಹಚ್ಚಬಹುದೇ? ಹಚ್ಚಬಹುದು, ಆದರೆ ಗೋಧಿಯಷ್ಟು ಮಾತಾಡುವುದಿಲ್ಲ. ಅಕ್ಕಿಯಲ್ಲಿ ಪ್ರೋಟೀನೇ ಶೇ 7ರ ಆಸುಪಾಸು. ಅದರಲ್ಲೂ ಆಲ್ಕೋಹಾಲಿಗೆ ಕರಗುವ ಭಾಗ ತೀರಾ ಅತ್ಯಲ್ಪ. ಮುಖ್ಯ ಪಾಲು ಗ್ಲುಟೆಲಿನ್, ಅದು ಬಹುಪಾಲು ತಳಿಗಳಲ್ಲಿ ಹೆಚ್ಚುಕಡಿಮೆ ಒಂದೇ ನಮೂನೆಯ ಗೆರೆ ಕೊಡುತ್ತದೆ. ಹಾಗಾಗಿ ಭತ್ತದವರು ದಾಸ್ತಾನು ಪ್ರೋಟೀನು ಬಿಟ್ಟು ಕಿಣ್ವಗಳ ಕಡೆ ಹೋದರು. 1987ರಲ್ಲಿ ಗ್ಲಾಸ್‌ಮನ್ ಎಂಬ ಫ್ರೆಂಚ್ ವಿಜ್ಞಾನಿ ಏಷ್ಯಾದ 1,688 ನಾಟಿ ಭತ್ತಗಳ ಕಿಣ್ವಗಳನ್ನು ಜೆಲ್ಲಿನಲ್ಲಿ ಓಡಿಸಿ ಆರು ಗುಂಪು ಮಾಡಿದರು. ಇಂಡಿಕಾ, ಜಪಾನಿಕಾ ಎಂಬ ಎರಡೇ ಪಂಗಡಗಳ ಹಳೆಯ ಲೆಕ್ಕ ಸಾಲದು ಎಂಬುದು ಅದರಿಂದ ನಿಚ್ಚಳವಾಯಿತು. ಈಗ ಡಿಎನ್‌ಎ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಈ ಸೀಮೆ ಧಾನ್ಯದ ಅಳತೆಯ ವಿಷಯದಲ್ಲಿ ಒಮ್ಮೆ ಸಿಡಿದೆದ್ದದ್ದು. 1951ರ ಕಾಗೋಡು ಸತ್ಯಾಗ್ರಹಕ್ಕೆ ಕಿಡಿ ಹೊತ್ತಿದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ. ಎಷ್ಟು ಎಂಬ ಪ್ರಶ್ನೆಗೆ ಅಷ್ಟು ಜಗಳವಾಡಿದ ಊರಿನಲ್ಲಿ ಯಾವುದು ಎಂಬ ಪ್ರಶ್ನೆ ಈಗ ಏಳುತ್ತಿದೆ. ಗದ್ದೆಗಳು ತೋಟವಾಗುತ್ತಾ ಹೋದಂತೆ ನಾಟಿ ಭತ್ತ ಉಳಿದಿರುವುದು ಕೆಲವೇ ಮನೆಗಳಲ್ಲಿ. ನೆರೆ ನೀರಿನಲ್ಲಿ ಮುಳುಗಿದರೂ ಎದ್ದು ನಿಲ್ಲುವ ನೆರೆಗುಳಿ, ಪರಿಮಳದ ಗಂಧಸಾಲೆ, ಸಣ್ಣ ಕಾಳಿನ ಜೀರಿಗೆ ಸಣ್ಣ. ಒಂದು ಮನೆಯ ಜೀರಿಗೆ ಸಣ್ಣವೂ ಇನ್ನೊಂದು ಮನೆಯದೂ ಒಂದೇ ಎಂದು ಹೇಳುವವರು ಯಾರು? ಜೆಲ್ಲಿನಲ್ಲೋ ಡಿಎನ್‌ಎಯಲ್ಲೋ ನೋಡಿದರೆ ಒಂದೇ ಮನೆಯ ಕಣಜದ ಕಾಳುಗಳಲ್ಲೇ ಎರಡು ಮೂರು ಬಗೆಯ ಗೆರೆಪಟ್ಟಿ ಸಿಗಬಹುದು. ನಾಟಿ ತಳಿಯ ಸ್ವಭಾವವೇ ಅದು. ಕಂಪನಿ ಬೀಜದಲ್ಲಿ ಹೀಗೆ ಕಂಡರೆ ಕಲಬೆರಕೆ, ನಾಟಿ ಬೀಜದಲ್ಲಿ ಕಂಡರೆ ತಳಿಯ ಶಕ್ತಿ. ಒಂದು ವರ್ಷ ರೋಗಕ್ಕೆ ಬಗ್ಗಿದ ಗಿಡದ ಪಕ್ಕದಲ್ಲಿ ಬಗ್ಗದ ಗಿಡ ನಿಂತಿರುತ್ತದೆ. ಗೆರೆ ಓದುವವರಿಗೆ ಈ ವಿವೇಚನೆ ಇಲ್ಲದಿದ್ದರೆ ಅಜ್ಜನ ಕಾಲದ ಬೀಜಕ್ಕೆ ‘ಅಶುದ್ಧ’ ಎಂದು ಷರಾ ಬರೆದು ಕಳಿಸುತ್ತಾರೆ.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರ ತಳಿಗಳನ್ನೂ ನೋಂದಾಯಿಸುತ್ತದೆ. ತಳಿ ಬೇರೆಯದಕ್ಕಿಂತ ಭಿನ್ನವಾಗಿರಬೇಕು, ಏಕರೂಪವಾಗಿರಬೇಕು, ಸ್ಥಿರವಾಗಿರಬೇಕು ಎಂಬುದು ಪರೀಕ್ಷೆ. ರೈತರ ತಳಿಗೆ ಏಕರೂಪದ ಅಳತೆಯನ್ನು ಸ್ವಲ್ಪ ಸಡಿಲಿಸಲಾಗಿದೆ. ಈ ನೋಂದಣಿ ಮಾಡುವ ಪ್ರಾಧಿಕಾರದ ಒಂದು ಶಾಖಾ ಕಚೇರಿ ಇರುವುದು ದೂರದ ದೆಹಲಿಯಲ್ಲೋ ಬೆಂಗಳೂರಿನಲ್ಲೋ ಅಲ್ಲ, ನಮ್ಮ ಶಿವಮೊಗ್ಗದಲ್ಲೇ. ನೋಂದಣಿಯ ಅರ್ಜಿಯ ಜೊತೆ ಬೀಜವನ್ನೂ ಕೊಡಬೇಕು. ಅದು ರಾಷ್ಟ್ರೀಯ ಬೀಜ ಭಂಡಾರದ ತಣ್ಣನೆಯ ಕೋಣೆಗೆ ಹೋಗುತ್ತದೆ. ನಾಳೆ ಯಾರಾದರೂ ಪೊಟ್ಟಣದ ಮೇಲೆ ‘ಮಲೆನಾಡು ಜೀರಿಗೆ ಸಣ್ಣ’ ಎಂದು ಅಚ್ಚು ಹಾಕಿ ಬೇರೇನನ್ನೋ ಮಾರಿದರೆ, ಪಕ್ಕದ ಗುಳಿಯಲ್ಲಿ ಓಡಿಸಲು ಬೇಕಾದ ಅಸಲಿ ಕಾಳು ಅದೇ. ಬೀಜ ಕೊಡುವಾಗ ಗದ್ದೆಯ ಒಂದು ಮೂಲೆಯ ನಾಲ್ಕು ತೆನೆ ಮಾತ್ರ ಕೊಡದೆ ಗದ್ದೆಯ ಉದ್ದಗಲದಿಂದ ಆರಿಸಿ ಕೊಡಬೇಕು. ಇಲ್ಲವಾದರೆ ತಳಿಯೊಳಗಿನ ಮೂರು ಬಗೆಯಲ್ಲಿ ಎರಡು ದಾಖಲೆಯಿಂದಲೇ ಬಿಟ್ಟುಹೋಗುತ್ತವೆ, ಆಮೇಲೆ ಊರಿನ ಅಸಲಿ ಭತ್ತವೇ ಪರೀಕ್ಷೆಯಲ್ಲಿ ನಕಲಿ ಎನಿಸಿಕೊಳ್ಳುತ್ತದೆ.